ಟ್ರಂಕಿನಿಂದ ಮಂಚಕ್ಕೆ

ಮುಲುಂಡ್, ಮುಂಬಯಿ
ಫೆಬ್ರುವರಿ ಮೊದಲ ವಾರ

ಪ್ರೀತಿಯ ವಿದ್ಯಾ,

ನಿನ್ನ ಪತ್ರ ಓದಿದೆ. ಗೋರೆಗಾಂವಿನ ಹೊಸ ಮನೆಯ ಮಂಚಕ್ಕೆ ಅವ್ವನ ಸೀರೆಗಳಿಂದ ಕೌದಿಯಂಥ ಹಾಸು ಹೊಲಿಸಲೇ ಎಂದು ಕೇಳಿದ್ದೀಯ. ಹೊಲಿಸುವುದಾದರೆ ಹೇಗೆ ಎಂದೂ ಕೇಳಿದ್ದೀಯ. ಹೊಲಿಸಬೇಕು, ಅದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಹೇಗೆ ಎನ್ನುವುದು ಮಾತ್ರ ಫೋನಿನಲ್ಲಿ ಹೇಳಿ ಮುಗಿಸುವ ವಿಷಯವಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಹೊಲಿಯುವವರ ಮುಂದೆ ಇದನ್ನೇ ಇಟ್ಟು ಓದಿ ಹೇಳು.

ಮೊದಲು ಅಣ್ಣನ ಮಾತು. ಸೀರೆಗೆ ಕತ್ತರಿ ಹಾಕುವುದಕ್ಕೆ ಅಪ್ಪನ ಒಪ್ಪಿಗೆಯಿಲ್ಲ ಎಂದು ಬರೆದಿದ್ದೀಯ. ಅವನ ಸಂಕಟ ನನಗೆ ಗೊತ್ತು. ನಿನ್ನ ಅವ್ವ, ನನ್ನ ವೈನಿ, ಹೋದ ಮೇಲೆ ಅವರ ಸೀರೆಗಳಿರುವ ಟ್ರಂಕಿನ ಕೀಲಿಯನ್ನು ಅವನು ಯಾರ ಕೈಗೂ ಕೊಟ್ಟಿಲ್ಲ. ಆದರೆ ಟ್ರಂಕಿನಲ್ಲಿಟ್ಟ ಮಾತ್ರಕ್ಕೆ ಸೀರೆ ಉಳಿಯುವುದಿಲ್ಲ ಕೂಸೇ. ಮಡಿಕೆ ಬದಲಿಸದೆ ವರ್ಷಗಟ್ಟಲೆ ಇಟ್ಟ ರೇಷ್ಮೆ ಮಡಿಕೆಯ ಗೆರೆಯಲ್ಲೇ ಸೀಳುತ್ತದೆ. ಜರಿ ಕಪ್ಪಾಗುತ್ತದೆ. ಗಂಜಿ ಹಾಕಿದ ನೂಲಿನ ಸೀರೆಯನ್ನು ಹುಳ ಹುಡುಕಿಕೊಂಡು ಬರುತ್ತದೆ. ಹತ್ತು ವರ್ಷ ಕಳೆದು ತೆಗೆದು ನೋಡಿದರೆ ಉಡಲೂ ಬಾರದ, ಹೊಲಿಯಲೂ ಬಾರದ ಬಟ್ಟೆ ಕೈಗೆ ಬರುತ್ತದೆ. ಇದನ್ನು ಅವನಿಗೆ ಸಮಾಧಾನದಿಂದ ಹೇಳು. ಇನ್ನೊಂದನ್ನೂ ನೆನಪಿಸು. ಧಾರವಾಡದ ಮನೆಯಲ್ಲಿ ನಾವು ಅಣ್ಣತಂಗಿಯರೆಲ್ಲ ಮಲಗಿ ಬೆಳೆದದ್ದು ನಮ್ಮ ಅಜ್ಜಿಯ ಸೀರೆಗಳ ಕೌದಿಯ ಮೇಲೆ. ಅಜ್ಜಿ ತೀರಿಕೊಂಡ ವರ್ಷ ನಮ್ಮ ಅವ್ವ ಹೊಲಿಸಿದ್ದದು. ಚಳಿಗಾಲದಲ್ಲಿ ಅದು ತನಗೇ ಬೇಕೆಂದು ಜಗಳ ತೆಗೆಯುತ್ತಿದ್ದವನು ನಿನ್ನಪ್ಪನೇ.

ಹೀಗೆ ಮಾಡಿದವರು ನಾವಷ್ಟೇ ಅಲ್ಲ. ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಜೀಸ್ ಬೆಂಡ್ ಎಂಬ ಊರಿದೆ. ಗುಲಾಮರಾಗಿ ಹತ್ತಿಯ ಹೊಲಗಳಲ್ಲಿ ದುಡಿದವರ ಮಕ್ಕಳು ಮೊಮ್ಮಕ್ಕಳ ಊರು ಅದು. 1942ರಲ್ಲಿ ಅಲ್ಲಿನ ಮಿಸೌರಿ ಪೆಟ್ವೇ ಎಂಬ ಹೆಣ್ಣುಮಗಳು, ತೀರಿಕೊಂಡ ಗಂಡನ ದುಡಿಮೆಯ ಬಟ್ಟೆಗಳನ್ನೆಲ್ಲ ಕೂಡಿಸಿ ಹೊದಿಕೆ ಹೊಲಿದಳು. ಅವನ ನೆನಪನ್ನು ಹೊದ್ದು ಮಲಗಬೇಕೆಂಬುದು ಅವಳ ಆಸೆಯಾಗಿತ್ತು. 2002ರಲ್ಲಿ ಹ್ಯೂಸ್ಟನ್ನಿನ ಲಲಿತಕಲಾ ಸಂಗ್ರಹಾಲಯ ಆ ಊರಿನ ಹೆಂಗಸರ ಕೌದಿಗಳನ್ನು ಗೋಡೆಗೆ ತೂಗುಹಾಕಿ ಪ್ರದರ್ಶಿಸಿದ ಮೇಲೆ ಜಗತ್ತು ಅವರ ಕೈಕೆಲಸವನ್ನು ಕಲೆ ಎಂದು ಒಪ್ಪಿತು. ಆದರೆ ಮಿಸೌರಿ ಅದನ್ನು ಹೊಲಿದದ್ದು ಗೋಡೆಗಲ್ಲ, ಮೈಮೇಲೆ ಹೊದೆಯಲಿಕ್ಕೆ. ನೀನೂ ಬಳಸಲಿಕ್ಕೆಂದೇ ಹೊಲಿಸು. ಈ ಪತ್ರದಲ್ಲಿ ನಾನು ಹೇಳುವುದೆಲ್ಲ ಈ ಒಂದು ಮಾತಿನಿಂದಲೇ ಹುಟ್ಟಿದ್ದು.

ಬಣ್ಣ ಯಾವುದು, ವಿನ್ಯಾಸ ಯಾವುದು ಎಂದು ನೀನು ಮೊದಲು ಕೇಳಿದ್ದೀಯ. ಅದನ್ನು ಕೊನೆಗಿಡು. ಮೊದಲು ಮಂಚ ಅಳೆ. ನಿನ್ನದು 78 ಇಂಚು ಉದ್ದ, 60 ಇಂಚು ಅಗಲದ ಗಾದಿ ಎಂದು ಬರೆದಿದ್ದೀಯ. ಹಾಸು ಅದಕ್ಕಿಂತ ಎಷ್ಟು ದೊಡ್ಡದಿರಬೇಕು ಎನ್ನುವುದು ಬದಿಗೆ ಎಷ್ಟು ಇಳಿಬಿಡುತ್ತೀಯ ಎನ್ನುವುದರ ಮೇಲೆ ನಿಂತಿದೆ. ನೆಲ ಮುಟ್ಟುವಂತೆ ಇಳಿಬಿಟ್ಟ ಹಾಸು ಚಿತ್ರಗಳಲ್ಲಿ ರಾಜಠೀವಿಯಿಂದ ಕಾಣುತ್ತದೆ, ನಿಜ. ಆದರೆ ಮುಂಬಯಿಯ ಮಂಚ ಬರೀ ಮಲಗುವ ಜಾಗವಲ್ಲ, ಅದು ಮನೆಯ ಅಟ್ಟವೂ ಹೌದು. ಕೆಳಗಿನ ಪೆಟ್ಟಿಗೆಯಲ್ಲಿ ಸೂಟ್‌ಕೇಸು, ಚಳಿಗಾಲದ ಬಟ್ಟೆ, ಹಬ್ಬದ ಪಾತ್ರೆ ಎಲ್ಲ ಇರುತ್ತವೆ. ನೆಲದವರೆಗೆ ಇಳಿದ ಬಟ್ಟೆ ಪ್ರತಿಸಲ ಡ್ರಾಯರ್ ಎಳೆದಾಗ ಸಿಕ್ಕಿಹಾಕಿಕೊಳ್ಳುತ್ತದೆ. ಗಾದಿ ಎತ್ತಿ ತೆಗೆಯುವ ಮಂಚವಾದರೆ ಇನ್ನೂ ಕಷ್ಟ. ನೆಲ ಒರೆಸುವಾಗ ಅಂಚು ಒದ್ದೆಯಾಗುತ್ತದೆ. ಹಾಗಾಗಿ ಗಾದಿಯ ದಪ್ಪ ಮುಚ್ಚಿ ಅದರ ಕೆಳಗೆ ಮೂರುನಾಲ್ಕು ಇಂಚು ಇಳಿದರೆ ಸಾಕು. ನಿನ್ನ ಗಾದಿ 6 ಇಂಚು ದಪ್ಪವಿದೆ. 10 ಇಂಚಿನ ಇಳಿ ಬಿಡು.

ಎರಡೂ ಬದಿಗೆ ಒಂದೇ ಇಳಿ ಬೇಕಿಲ್ಲ. ನಿನ್ನ ಮಂಚದ ಒಂದು ಮಗ್ಗುಲು ಗೋಡೆಗೆ ತಾಗಿದೆ. ಗೋಡೆಗೂ ಗಾದಿಗೂ ನಡುವೆ ತುರುಕಲು ಆ ಬದಿಗೆ 4 ಇಂಚು ಸಾಕು. ಅಲ್ಲಿ ಇಳಿಬಿಟ್ಟ ಬಟ್ಟೆಯನ್ನು ಯಾರೂ ನೋಡುವುದಿಲ್ಲ, ಮಳೆಗಾಲದಲ್ಲಿ ಗೋಡೆಯ ತೇವ ಹೀರಿ ಬೂಷ್ಟು ಹಿಡಿಸಿಕೊಳ್ಳುವುದೊಂದೇ ಅದರ ಕೆಲಸ. ಅಗಲ 60ಕ್ಕೆ 10 ಮತ್ತು 4 ಕೂಡಿಸಿ 74 ಇಂಚು. ಉದ್ದಕ್ಕೆ ಕಾಲಿನ ಬದಿ 10, ತಲೆಯ ಬದಿ ತುರುಕಲು 4, ಒಟ್ಟು 92. ದಿಂಬನ್ನೂ ಅದೇ ಹಾಸಿನಿಂದ ಮುಚ್ಚುವ ರೂಢಿ ಕೆಲವರಿಗಿದೆ. ಅದಕ್ಕೆ ಇನ್ನೂ ಹದಿನೈದು ಹದಿನಾರು ಇಂಚು ಬೇಕಾಗುತ್ತದೆ, ಒಗೆಯುವಾಗ ಭಾರವೂ ಅಷ್ಟೇ ಹೆಚ್ಚುತ್ತದೆ. ದಿಂಬಿಗೆ ಬೇರೆ ಗವಸು ಹೊಲಿಸು.

ಇನ್ನೊಂದು ಲೆಕ್ಕ ಮರೆಯಬೇಡ. ಹೊಲಿಗೆಯ ಸಾಲು ಬಿದ್ದಂತೆಲ್ಲ ಬಟ್ಟೆ ಒಳಕ್ಕೆ ಎಳೆದುಕೊಳ್ಳುತ್ತದೆ. ಸಾಲು ಒತ್ತಾದಷ್ಟೂ ಎಳೆತ ಹೆಚ್ಚು. ಅದಕ್ಕೇ ಅಗಲಕ್ಕೂ ಉದ್ದಕ್ಕೂ 4 ಇಂಚು ಹೆಚ್ಚಿಗೆ ಬಿಟ್ಟು, 78ಕ್ಕೆ 96 ಇಂಚಿನ ಬಟ್ಟೆ ಕೂಡಿಸಿ ಹೊಲಿಸು. ಹೊಲಿಗೆ ಪೂರ್ತಿ ಮುಗಿದ ಮೇಲೆ ಮತ್ತೆ ಅಳೆದು, ಹೆಚ್ಚಾದದ್ದನ್ನು ಕತ್ತರಿಸಿ, ಆಮೇಲೆಯೇ ಅಂಚು ಕಟ್ಟಬೇಕು. ಅವಸರದ ದರ್ಜಿ ಮೊದಲೇ ಅಂಚು ಮುಗಿಸಿಬಿಡುತ್ತಾನೆ. ಹಾಗೆ ಮಾಡಿದ ಹಾಸು ಒಂದು ಬದಿ ಗಿಡ್ಡ, ಒಂದು ಬದಿ ಉದ್ದವಾಗಿ ಬರುತ್ತದೆ.

ಈಗ ಒಳಗಿನ ಮಾತು. ಯಾವ ಹೊಲಿದ ಹಾಸಿಗೂ ಮೇಲಿನ ಬಟ್ಟೆ, ಕೆಳಗಿನ ಅಸ್ತರ, ನಡುವೆ ಏನಾದರೊಂದು ತುಂಬು ಇರುತ್ತದೆ. ಹಾಸಿನ ಆಯುಷ್ಯವನ್ನು ಮೇಲಿನ ಬಟ್ಟೆಗಿಂತ ಈ ತುಂಬೇ ಹೆಚ್ಚು ನಿರ್ಧರಿಸುತ್ತದೆ. ಅಂಗಡಿಯವನು ನಿನಗೆ ತೋರಿಸಿದ್ದು ಪಾಲಿಯೆಸ್ಟರ್ ತುಂಬು. ಅದು ಹಗುರ, ಹಾಳೆಯಂತೆ ಒಂದೇ ತುಣುಕಾಗಿ ಬರುತ್ತದೆ, ಗಂಟು ಕಟ್ಟುವುದಿಲ್ಲ. ಹೊಲಿಗೆಯ ಸಾಲು ದೂರ ದೂರ ಹಾಕಿದರೂ ನಡೆಯುತ್ತದೆ. ಯಂತ್ರದ ಕೆಲಸಕ್ಕೆ ಅದಕ್ಕಿಂತ ಸುಲಭದ್ದಿಲ್ಲ. ಆದರೆ ಬೆವರು ಹೀರುವುದಿಲ್ಲ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಆ ಹಾಸಿನ ಮೇಲೆ ಮಲಗಿದರೆ ಬೆನ್ನೆಲ್ಲ ಒದ್ದೆಯಾಗುತ್ತದೆ.

ಅರಳೆ ತುಂಬಿಸುವುದು ಎರಡನೆಯ ದಾರಿ. ನಾವು ಚಿಕ್ಕವರಿದ್ದಾಗ ಅರಳೆ ಹಿಂಜುವ ಪಿಂಜಾರರು ಬಿಲ್ಲು ಹೆಗಲಿಗೆ ಹಾಕಿಕೊಂಡು ಓಣಿಗೆ ಬರುತ್ತಿದ್ದರು. ಆ ತಂತಿಯ ದನಿ ಕೇಳಿದರೆ ಹಳೆ ಗಾದಿಗಳೆಲ್ಲ ಅಂಗಳಕ್ಕೆ ಬರುತ್ತಿದ್ದವು. ಮುಂಬಯಿಯಲ್ಲಿ ಈಗ ಗಾದಿ ಅಂಗಡಿಗಳಲ್ಲಿ ಆ ಕೆಲಸವನ್ನು ಯಂತ್ರ ಮಾಡುತ್ತದೆ. ಹಿಂಜಿದ ಅರಳೆ ಮೈಗೆ ಹಿತ, ಆದರೆ ಬಿಡಿ ಬಿಡಿಯಾಗಿರುತ್ತದೆ. ಎರಡು ಇಂಚಿಗೊಂದು ಸಾಲು ಹೊಲಿಗೆ ಬೀಳದಿದ್ದರೆ ಒಗೆದಾಗ ಸರಿದು ಗಂಟಾಗುತ್ತದೆ. ಜೈಪುರದ ರಜಾಯಿಯವರು ನಯವಾಗಿ ಹಿಂಜಿದ ಅರಳೆಯನ್ನು ತೆಳುವಾಗಿ ಹರಡಿ ಒತ್ತಾಗಿ ಹೊಲಿಯುವುದು ಇದಕ್ಕೇ. ರಾಜಸ್ಥಾನದ ಚಳಿಗೆ, ಒಣ ಹವೆಗೆ ಅದು ಹೇಳಿಮಾಡಿಸಿದ್ದು. ನಮ್ಮ ಉಪನಗರಗಳಲ್ಲಿ ಜನವರಿಯ ರಾತ್ರಿಯೂ ಸರಾಸರಿ 17 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 2,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಆ ನಾಲ್ಕು ತಿಂಗಳು ಅರಳೆ ಗಾಳಿಯ ತೇವವನ್ನೆಲ್ಲ ಹೀರಿಕೊಂಡು ಕೂರುತ್ತದೆ. ಕಿಟಕಿಯ ಗ್ರಿಲ್ಲಿಗೆ ಹರಡಿದರೂ ಒಣಗುವುದಿಲ್ಲ, ವಾಸನೆ ಹಿಡಿಯುತ್ತದೆ.

ಮೂರನೆಯದು ನಮ್ಮ ಕೌದಿಯ ದಾರಿ. ಅರಳೆಯೂ ಇಲ್ಲ, ಪಾಲಿಯೆಸ್ಟರೂ ಇಲ್ಲ. ಹಳೆಯ ನೂಲಿನ ಬಟ್ಟೆಯನ್ನೇ ಪದರ ಪದರವಾಗಿ ಹಾಕಿ ಕೂಡಿಸಿ ಹೊಲಿಯುವುದು. ಮಹಾರಾಷ್ಟ್ರದವರ ಗೋಧಡಿಯೂ ಇದೇ ಕ್ರಮದ್ದು. ಇಲ್ಲಿನ ಮರಾಠಿ ಮನೆಗಳಲ್ಲಿ ಕೂಸು ಹುಟ್ಟುವ ಮುಂಚೆಯೇ ಅಜ್ಜಿಯ ಒಂಬತ್ತು ಗಜದ ಮೆತ್ತನೆಯ ಸೀರೆಯಿಂದ ಪುಟ್ಟ ಗೋಧಡಿ ಸಿದ್ಧವಾಗಿರುತ್ತದೆ. ಮತ್ತೆ ಮತ್ತೆ ಒಗೆದ ಬಟ್ಟೆ ಕುಗ್ಗುವಷ್ಟು ಕುಗ್ಗಿರುತ್ತದೆ, ಬಣ್ಣ ಬಿಡುವಷ್ಟು ಬಿಟ್ಟಿರುತ್ತದೆ, ಮೈಗೆ ಒರಟಾಗುವುದಿಲ್ಲ. ಬೆವರು ಹೀರುತ್ತದೆ, ಬೇಗ ಒಣಗುತ್ತದೆ. ಮುಂಬಯಿಯ ಹವೆಗೆ ಇದಕ್ಕಿಂತ ಒಳ್ಳೆಯ ತುಂಬನ್ನು ನಾನು ಕಂಡಿಲ್ಲ. ಒಳಗೆ ಎರಡು ಪದರ ಹಾಕಿಸು, ಅದಕ್ಕಿಂತ ಹೆಚ್ಚು ಬೇಡ. ಮೇಲೆ ಒಂದು, ಕೆಳಗೆ ಒಂದು ಸೇರಿ ನಾಲ್ಕಾಗುತ್ತದೆ. ಅದಕ್ಕಿಂತ ದಪ್ಪವಾದರೆ ಸೂಜಿ ದಾಟುವುದಿಲ್ಲ, ಒದ್ದೆ ಹಾಸನ್ನು ನೀನೊಬ್ಬಳೇ ಎತ್ತಲಾರೆ.

ಕೆಳಗಿನ ಅಸ್ತರಕ್ಕೆ ಮಂಗಳದಾಸ್ ಮಾರ್ಕೆಟ್ಟಿಗೆ ಹೋಗಿ ಹೊಸ ಬಟ್ಟೆ ತರುತ್ತೇನೆ ಎಂದಿದ್ದೀಯ. ಅಲ್ಲಿ ಸಿಗದ ಬಟ್ಟೆಯಿಲ್ಲ, ಹೋಗಿ ಕಣ್ತುಂಬ ನೋಡಿ ಬಾ. ಆದರೆ ಅಸ್ತರಕ್ಕೆ ಮನೆಯಲ್ಲಿ ಬಳಸಿ ಹಳತಾದ ಡಬಲ್ ಬೆಡ್ ಚಾದರವೇ ಒಳ್ಳೆಯದು. ಅದು ಅಗಲವಾಗಿರುವುದರಿಂದ ನಡುವೆ ಕೂಡುಹೊಲಿಗೆ ಬೇಕಿಲ್ಲ. ಹೊಸ ಬಟ್ಟೆ ಹಾಕಲೇಬೇಕೆಂದರೆ ಎರಡು ಸಲ ನೀರಿಗೆ ಹಾಕಿ ಒಣಗಿಸಿ ಆಮೇಲೆ ಬಳಸು. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಅಸ್ತರ ಕುಗ್ಗಿ, ಹಳೆ ಸೀರೆ ಮೇಲೆ ಉಬ್ಬುಬ್ಬಾಗಿ ನಿಲ್ಲುತ್ತದೆ.

ಇನ್ನು ವೈನಿಯ ಸೀರೆಗಳು. ಎಲ್ಲವನ್ನೂ ಹೊರತೆಗೆದು ಬೆಳಕಿಗೆ ಹಿಡಿದು ನೋಡು. ಸೀರೆ ಎಲ್ಲ ಕಡೆ ಒಂದೇ ಸಮ ಸವೆದಿರುವುದಿಲ್ಲ. ಕಾಲಿಗೆ ತಾಗುವ ಕೆಳ ಅಂಚು, ಕೂತು ಎದ್ದು ಸವೆದ ಭಾಗ ಜಾಳಾಗಿರುತ್ತವೆ. ಒಳಸೆರಗಿನ ಕಡೆ, ಸೊಂಟದೊಳಗೆ ಸಿಕ್ಕಿಸುವ ಭಾಗ ಗಟ್ಟಿ ಉಳಿದಿರುತ್ತದೆ. ಎರಡು ಹೆಬ್ಬೆರಳಿನ ನಡುವೆ ಹಿಡಿದು ಮೆಲ್ಲಗೆ ಜಗ್ಗು. ನೂಲು ಚಿಟಚಿಟ ಎಂದರೆ ಅದು ಒಳಪದರಕ್ಕೆ, ಗಟ್ಟಿ ನಿಂತರೆ ಮೇಲ್ಪದರಕ್ಕೆ. ಬಣ್ಣ ಬಿಡುತ್ತದೆಯೇ ಎಂದೂ ನೋಡಬೇಕು. ಬಿಳಿಯ ಬಟ್ಟೆಯ ತುಂಡನ್ನು ನೀರಿನಲ್ಲಿ ಅದ್ದಿ ಹಿಂಡಿ ಸೀರೆಯ ಮೇಲೆ ಒತ್ತಿ ಹಿಡಿ. ಬಿಳಿಗೆ ಬಣ್ಣ ಹತ್ತಿದರೆ ಆ ಸೀರೆಯನ್ನು ಬೇರೆಯಾಗಿ ಹಲವು ಸಲ ಒಗೆದು, ನೀರು ತಿಳಿಯಾದ ಮೇಲೆಯೇ ಉಳಿದವುಗಳ ಜೊತೆ ಸೇರಿಸು.

ಇಳಕಲ್ ಸೀರೆಗಳ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ವೈನಿಯ ಟ್ರಂಕಿನಲ್ಲಿ ಹೆಚ್ಚಿನವು ಅವೇ. ಇಳಕಲ್ಲಿನ ನೇಕಾರರು ಒಡಲಿನ ಹಾಸುನೂಲನ್ನೂ ಸೆರಗಿನ ಹಾಸುನೂಲನ್ನೂ ಕೊಂಡಿ ಹಾಕಿ ಕೂಡಿಸಿ ನೇಯುತ್ತಾರೆ. ಒಡಲು ಹತ್ತಿಯದಾದರೂ ತೋಪು ತೆನೆಯ ಸೆರಗು ರೇಷ್ಮೆಯದಿರುತ್ತದೆ. ಹತ್ತಿ ಒಂದು ರೀತಿ ಕುಗ್ಗುತ್ತದೆ, ರೇಷ್ಮೆ ಇನ್ನೊಂದು ರೀತಿ. ಉಡುವಾಗ ಇದು ತಿಳಿಯುವುದಿಲ್ಲ, ಒಟ್ಟಿಗೆ ಹೊಲಿದು ಒಗೆದಾಗ ತಿಳಿಯುತ್ತದೆ. ಆದ್ದರಿಂದ ಸೆರಗನ್ನು ಬೇರೆ ಮಾಡಿಸು. ಆ ಕೆಂಪು ಸೆರಗುಗಳಿಂದ ದಿಂಬಿನ ಗವಸು ಹೊಲಿಸಿದರೆ ತೋಪು ತೆನೆಯ ಬಿಳಿ ಹಲ್ಲುಗಳು ಮಂಚದ ತಲೆಯ ಬದಿಗೆ ಸಾಲಾಗಿ ಕಾಣುತ್ತವೆ. ಕಸೂತಿ ಹಾಕಿದ ಕಪ್ಪು ಸೀರೆಗೆ ಮಾತ್ರ ಕತ್ತರಿ ಬೇಡ. ಗಂಟಿಲ್ಲದೆ, ನೂಲು ಎಣಿಸಿ ಹಾಕಿದ ಗೋಪುರ, ತುಳಸಿಕಟ್ಟೆಗಳ ಕೆಲಸ ಅದು. ಅದನ್ನು ನೀನು ಸಂಕ್ರಾಂತಿಗೆ ಉಡು. ಒಂದು ಸೀರೆ ಇಡಿಯಾಗಿ ಉಳಿಯಿತೆಂದರೆ ಅಣ್ಣನ ಮನಸ್ಸಿಗೂ ಸಮಾಧಾನ.

ಈಗ ವಿನ್ಯಾಸಕ್ಕೆ ಬಂದೆ. ಇದರಲ್ಲಿ ಹಲವು ದಾರಿಗಳಿವೆ. ಒಂದೇ ಬಣ್ಣದ ಬಟ್ಟೆ ಹಾಸಿ, ಹೊಲಿಗೆಯಿಂದಲೇ ಚಿತ್ರ ಬಿಡಿಸುವುದು ಒಂದು. ಹದಿನಾರು, ಹದಿನೇಳನೆಯ ಶತಮಾನದಲ್ಲಿ ಬಂಗಾಳದವರು ಬಿಳಿಯ ಹತ್ತಿಬಟ್ಟೆಯ ಮೇಲೆ ಹಳದಿ ಟಸ್ಸರ್ ರೇಷ್ಮೆಯಿಂದ ಬೇಟೆ, ಹಡಗು, ಪುರಾಣದ ಕತೆಗಳನ್ನು ಹೊಲಿದು ಪೋರ್ಚುಗೀಸರಿಗೆ ಕೊಡುತ್ತಿದ್ದರು. ಆ ಹಾಸುಗಳು ಲಿಸ್ಬನ್ನಿನ ಶ್ರೀಮಂತರ ಮಂಚ ಸೇರುತ್ತಿದ್ದವು. ಅದೇ ಬಂಗಾಳದ ಹಳ್ಳಿಯ ಹೆಂಗಸರು ಹಳೆ ಸೀರೆಗಳನ್ನು ಪದರ ಮಾಡಿ, ಸೀರೆಯ ಅಂಚಿನಿಂದಲೇ ಬಣ್ಣದ ನೂಲು ಎಳೆದು ತೆಗೆದು ಕಾಂತಾ ಹೊಲಿದರು. ಸಿಂಧ್, ಕಚ್ಛದ ರಲ್ಲಿಯಲ್ಲಿ ಬಟ್ಟೆಯನ್ನು ಹೂವಿನಾಕಾರಕ್ಕೆ ಕತ್ತರಿಸಿ ಮೇಲೆ ಕೂಡಿಸುತ್ತಾರೆ. ಇವೆಲ್ಲ ನೋಡಲು ಚೆಂದ. ಆದರೆ ಇವಕ್ಕೆ ಗಟ್ಟಿ ಬಟ್ಟೆ ಬೇಕು, ಪಳಗಿದ ಕೈ ಬೇಕು, ತಿಂಗಳುಗಟ್ಟಲೆ ಹೊತ್ತು ಬೇಕು.

ನಮ್ಮ ನಾಡಿನದೇ ಒಂದು ದಾರಿ ನನಗೆ ಎಲ್ಲಕ್ಕಿಂತ ಪ್ರಿಯ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಕಾಡಂಚಿನಲ್ಲಿ ಸಿದ್ದಿ ಜನರಿದ್ದಾರೆ. ಆಫ್ರಿಕಾದಿಂದ ಬಂದವರ ಸಂತತಿ ಅವರದು. ಅವರ ಹೆಂಗಸರು ಕೌದಿ ಹೊಲಿಯುವಾಗ ಮೊದಲೇ ತುಂಡು ಕೂಡಿಸಿ ಆಮೇಲೆ ಹೊಲಿಗೆ ಹಾಕುವುದಿಲ್ಲ. ಒಂದು ಮೂಲೆಯಲ್ಲಿ ಶುರುಮಾಡಿ, ಅಂಚಿನ ಗುಂಟ ಸುತ್ತುತ್ತ, ತುಂಡು ಇಟ್ಟಂತೆ ಹೊಲಿಯುತ್ತ ನಡುವಿಗೆ ಬರುತ್ತಾರೆ. ಕೂಡುವುದೂ ಹೊಲಿಯುವುದೂ ಒಂದೇ ಕೆಲಸ. ನಾಲ್ಕು ಮೂಲೆಗೂ ಬಟ್ಟೆ ಮಡಚಿ ಮಾಡಿದ ತ್ರಿಕೋನದ ಹೂವು ಕೂರಿಸುತ್ತಾರೆ. ಹೂವಿಲ್ಲದ ಕೌದಿ ಅವರ ಕಣ್ಣಿಗೆ ಬತ್ತಲೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ನೆರವಿನಿಂದ 2004ರಲ್ಲಿ ಈ ಹೆಂಗಸರ ಸಹಕಾರ ಸಂಘವೊಂದು ಶುರುವಾಯಿತು. 2011ರಲ್ಲಿ ಅವರ ಕೌದಿಗಳು ನ್ಯೂಯಾರ್ಕಿನ ಹಾರ್ಲೆಮ್ಮಿನಲ್ಲಿರುವ ಷೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು.

ನಿನಗೆ ನಾನು ಹೇಳುವುದು ಇವೆಲ್ಲಕ್ಕಿಂತ ಸರಳವಾದದ್ದು. ಚಿಕ್ಕ ಚಿಕ್ಕ ತುಂಡು ಮಾಡಬೇಡ, ಉದ್ದ ಪಟ್ಟಿಗಳಲ್ಲಿ ಕೂಡಿಸು. ತುಂಡು ಹೆಚ್ಚಾದಷ್ಟೂ ಕೂಡುಹೊಲಿಗೆ ಹೆಚ್ಚು. ಹಳೆ ಬಟ್ಟೆ ಮೊದಲು ಹರಿಯುವುದು ಆ ಹೊಲಿಗೆಯ ಪಕ್ಕದಲ್ಲೇ. ಅಲ್ಲದೆ ಸೀರೆಯನ್ನು ಗುರುತು ಸಿಗದಷ್ಟು ಕತ್ತರಿಸಿದರೆ ಅದು ಅವ್ವನ ಸೀರೆ ಎಂದು ನಿನಗೇ ಅನಿಸುವುದಿಲ್ಲ. ನಡುವೆ ಒಂದು ಸೀರೆಯ ಒಡಲನ್ನು ಪೂರ್ತಿ ಅಗಲದಲ್ಲಿ, 96 ಇಂಚು ಉದ್ದಕ್ಕೆ ಇಡು. ಸೀರೆ 46 ಇಂಚು ಅಗಲವಿದ್ದರೆ ಅದರ ಎರಡೂ ಅಂಚು ತಾನಾಗಿಯೇ ಮಂಚದ ಉದ್ದಕ್ಕೆ ಚೌಕಟ್ಟಿನಂತೆ ನಿಲ್ಲುತ್ತವೆ. ಇನ್ನೊಂದು ಸೀರೆಯಿಂದ ಅಷ್ಟೇ ಉದ್ದದ ತುಂಡು ತೆಗೆದು, ಎರಡೂ ಅಂಚಿನ ಕಡೆಯಿಂದ 17 ಇಂಚಿನ ಪಟ್ಟಿಗಳನ್ನು ಕತ್ತರಿಸಿ ಎಡಬಲಕ್ಕೆ ಕೂಡಿಸು. ಅಂಚು ಹೊರಗಡೆ ಬರಲಿ. ಹೊಲಿಗೆಗೆ ಅರ್ಧ ಅರ್ಧ ಇಂಚು ಹೋದರೂ 78 ಇಂಚು ಸಿಗುತ್ತದೆ. ಆರು ಗಜವೆಂದರೆ 216 ಇಂಚು. ಸೆರಗು ತೆಗೆದ ಮೇಲೂ ಎರಡು ಸೀರೆಯಲ್ಲಿ ಮೇಲ್ಪದರ ಮುಗಿದು ಒಳಪದರಕ್ಕೂ ಬಟ್ಟೆ ಉಳಿಯುತ್ತದೆ. ಯಾವ ಕಾರಣಕ್ಕೂ ಮಂಚದ ನಟ್ಟನಡುವೆ ಕೂಡುಹೊಲಿಗೆ ಬರದಂತೆ ನೋಡಿಕೋ. ಕಣ್ಣು ಮೊದಲು ಹೋಗುವುದು ಅಲ್ಲಿಗೇ, ಮೈ ಹೆಚ್ಚು ಉಜ್ಜುವುದೂ ಅಲ್ಲೇ.

ಯಾವ ಸೀರೆ ನಡುವೆ, ಯಾವುದು ಬದಿಗೆ ಎಂಬುದನ್ನು ನೀನೇ ಆರಿಸು. ವೈನಿಯ ಆ ನೀಲಿ ಸೀರೆ ನಡುವೆ, ಹಸಿರು ಬದಿಗೆ ಎಂದು ನನ್ನ ಮನಸ್ಸು ಹೇಳುತ್ತದೆ. ನೀಲಿಯುಟ್ಟು ಅವರು ನಮ್ಮ ಮುಲುಂಡಿನ ಮನೆಗೆ ಬಂದಾಗಲೆಲ್ಲ ಬಾಗಿಲಲ್ಲಿ ನಿಂತೇ ನನ್ನ ಯೋಗಕ್ಷೇಮ ವಿಚಾರಿಸಿ, ಆಮೇಲೆ ಚಪ್ಪಲಿ ಬಿಡುತ್ತಿದ್ದರು.

ಹೊಲಿಗೆ ಯಂತ್ರದ್ದೋ ಕೈಯದ್ದೋ? ಯಂತ್ರದಲ್ಲಿ ಬರ್ಫಿಯಾಕಾರ, ಉದ್ದ ಗೆರೆ, ಅಚ್ಚಿನ ಹೂವಿನ ಸುತ್ತ ಸುತ್ತುವ ಹೊಲಿಗೆ ಎಲ್ಲವೂ ಸಿಗುತ್ತವೆ. ಹೊಸ ಬಟ್ಟೆಗೆ ಅದು ತಕ್ಕದ್ದೇ, ಬೇಗ ಮುಗಿಯುತ್ತದೆ. ಹಳೆ ಸೀರೆಗೆ ಬೇಡ. ಯಂತ್ರದ ಒತ್ತಾದ ಹೊಲಿಗೆ ಜೀರ್ಣ ಬಟ್ಟೆಯಲ್ಲಿ ತೂತಿನ ಸಾಲು ಹೊಡೆದಂತಾಗಿ, ಅದೇ ಗೆರೆಯಲ್ಲಿ ಹರಿಯುತ್ತದೆ. ಕೈಹೊಲಿಗೆ ಸಡಿಲ, ಬಟ್ಟೆಯ ಜೊತೆಗೆ ತಾನೂ ಬಗ್ಗುತ್ತದೆ. ಸೂಜಿಯನ್ನು ಮೇಲೆ ಕೆಳಗೆ ಓಡಿಸುವ ಸಾದಾ ಹೊಲಿಗೆಯೇ ಸಾಕು, ಸಾಲಿನಿಂದ ಸಾಲಿಗೆ ಎರಡು ಬೆರಳಿನ ಅಂತರ. ಹೊರಗಿನಿಂದ ಒಳಕ್ಕೆ ಸುತ್ತಿ ಬರಲಿ. ದಾರ ಹತ್ತಿಯದೇ ಆಗಿರಲಿ. ಪಾಲಿಯೆಸ್ಟರ್ ದಾರ ಹಳೆ ಬಟ್ಟೆಗಿಂತ ಗಟ್ಟಿ. ಜಗ್ಗಿದಾಗ ದಾರ ಹರಿಯದೆ ಬಟ್ಟೆಯನ್ನೇ ಕೊಯ್ಯುತ್ತದೆ. ದಾರ ಹರಿದರೆ ಮತ್ತೆ ಹೊಲಿಯಬಹುದು, ಸೀರೆ ಹರಿದರೆ ಎಲ್ಲಿಂದ ತರುತ್ತೀಯ?

ಅಂಚಿಗೆ ಝಾಲರು ಬೇಡ. ಧೂಳು ಕೂರುತ್ತದೆ, ಇಸ್ತ್ರಿ ಇಲ್ಲದೆ ನಿಲ್ಲುವುದಿಲ್ಲ. ಪೈಪಿಂಗ್ ಅಚ್ಚುಕಟ್ಟಾಗಿ ಕಾಣುತ್ತದೆ, ಆದರೆ ಒಳಗಿನ ಹುರಿ ಕುಗ್ಗಿದರೆ ಅಂಚೆಲ್ಲ ಮುರುಟುತ್ತದೆ. ಒಂದೂವರೆ ಇಂಚಿನ ಗಟ್ಟಿ ಹತ್ತಿಬಟ್ಟೆಯ ಪಟ್ಟಿಯನ್ನು ಮಡಚಿ ಸುತ್ತಲೂ ಕಟ್ಟಿಸು. ಮೊದಲು ಸವೆಯುವುದು ಅಂಚು. ಪಟ್ಟಿಯಾದರೆ ಬಿಚ್ಚಿ ಹೊಸದು ಹಾಕಬಹುದು. ಕಾಲಿನ ಬದಿ ಹೊರಗಿರುವ ಮೂಲೆಯನ್ನು ದುಂಡಗೆ ಮಾಡಿಸು, ಚೌಕವಾಗಿ ಬಿಟ್ಟರೆ ಆ ಮೂಲೆಯೊಂದೇ ಉದ್ದಕ್ಕೆ ಜೋತು ಕಾಲಿಗೆ ತೊಡರುತ್ತದೆ. ಗೋಡೆಯ ಬದಿಯ ಮೂಲೆ ಚೌಕವಾಗಿಯೇ ಇರಲಿ. ತಲೆಯ ಕಡೆಯ ಎರಡು ಮೂಲೆಗೆ ಸಿದ್ದಿಗಳ ಹೂವಿನ ಹಾಗೆ ವೈನಿಯ ಗುಳೇದಗುಡ್ಡ ಖಣದ ಕುಪ್ಪಸದಿಂದ ತ್ರಿಕೋನ ಮಡಚಿ ಕೂರಿಸಿದರೆ ಎಷ್ಟು ಚೆಂದ! ಇಳಕಲ್ ಸೀರೆಗೆ ಖಣವೇ ಜೋಡಿ.

ಹೊಲಿಯುವವರು ಯಾರು ಎಂಬ ಚಿಂತೆ ಬೇಡ. ಮುಂಬಯಿಯಲ್ಲಿ ಬೇಸಿಗೆಯಲ್ಲಿ ಸೊಸೈಟಿಯ ತಾರಸಿ ಸಿಕ್ಕರೆ ಗೋಧಡಿ ಹೊಲಿಯುವ ಹೆಂಗಸರಿಂದ ಇಲ್ಲೇ ಮಾಡಿಸಬಹುದು. ಇಷ್ಟು ದೊಡ್ಡ ಹಾಸನ್ನು ಸುಕ್ಕಿಲ್ಲದೆ ಹರಡಲು ಫ್ಲ್ಯಾಟಿನೊಳಗೆ ಜಾಗವಿಲ್ಲ. ಆದರೆ ನನ್ನ ಮಾತು ಕೇಳಿದರೆ ಧಾರವಾಡದಲ್ಲೇ ಹೊಲಿಸು. ನಮ್ಮ ಓಣಿಗೆ ಬರುತ್ತಿದ್ದ ಗೋಂಧಳಿ ಹೆಣ್ಣುಮಕ್ಕಳ ಮನೆಯವರು ಈಗಲೂ ಕೌದಿ ಹೊಲಿಯುತ್ತಾರೆ. ಪಡಸಾಲೆಯಲ್ಲಿ ಹರಡಲು ಜಾಗವಿದೆ. ಅಣ್ಣನ ಕಣ್ಣೆದುರೇ ಕೆಲಸ ನಡೆದರೆ, ಕೀಲಿಯನ್ನು ಅವನೇ ತೆಗೆದುಕೊಡುತ್ತಾನೆ ಎಂಬ ನಂಬಿಕೆ ನನಗಿದೆ. ಕೂಲಿಯಲ್ಲಿ ಚೌಕಾಸಿ ಮಾಡಬೇಡ. ಬಟ್ಟೆ ನಮ್ಮದಾದರೂ ಅದಕ್ಕೆ ಮತ್ತೊಂದು ಜನ್ಮ ಕೊಡುವುದು ಅವರ ಕೈ, ಅವರ ಬೆನ್ನುನೋವು. ಕೇಳಿದ್ದಕ್ಕಿಂತ ಸ್ವಲ್ಪ ಹೆಚ್ಚೇ ಕೊಡು, ಮಧ್ಯಾಹ್ನ ಊಟಕ್ಕೆ ಕೂರಿಸು.

ಕಡೆಯ ಮೂಲೆ ಮುಚ್ಚುವ ಮೊದಲು ನಮ್ಮ ಅವ್ವ ನಾಲ್ಕು ಜೋಳದ ಕಾಳು ಒಳಗೆ ಹಾಕಿಸುತ್ತಿದ್ದಳು, ಕೌದಿಯ ಹೊಟ್ಟೆ ಖಾಲಿ ಇರಬಾರದೆಂದು. ಮುಂಬಯಿಯ ತೇವಕ್ಕೆ ಕಾಳು ಬೇಡ, ಹುಳವಾದೀತು. ಅದರ ಬದಲು ಅಣ್ಣ ತನ್ನ ಹಳೆ ಧೋತರದ ಒಂದು ತುಂಡು ಹಾಕಲಿ. ವೈನಿಯ ಸೀರೆಯ ಜೊತೆ ಅದೂ ಇರಲಿ.

ಬಂದ ಮೇಲೆ ಅದನ್ನು ಅತಿಥಿಗಳಿಗೆಂದು ಎತ್ತಿಡಬೇಡ. ದಿನವೂ ಹಾಸು. ಅಳಿಯಂದಿರು ಅದರ ಮೇಲೆ ಕೂತು ಚಹಾ ಕುಡಿಯಲಿ, ನಾಳೆ ಮಕ್ಕಳಾದರೆ ಅದರ ಮೇಲೇ ಹೊರಳಲಿ. ಒಗೆಯುವುದಿದ್ದರೆ ತಣ್ಣೀರು, ಸೌಮ್ಯ ಸಾಬೂನು. ಹಿಂಡಬೇಡ, ಅದುಮಿ ನೀರು ತೆಗೆದು ನೆರಳಿನಲ್ಲಿ ಹರಡು. ಮಳೆಗಾಲ ಕೂರುವ ಮುನ್ನ ಒಮ್ಮೆ, ಮಳೆ ಬಿಟ್ಟ ಮೇಲೆ ಒಮ್ಮೆ ಬಿಸಿಲಿಗೆ ತೋರಿಸು. ಎಲ್ಲಾದರೂ ಹರಿದರೆ ಮೇಲೊಂದು ತುಂಡಿಟ್ಟು ಹೊಲಿ. ಹೊಸ ತುಂಡು ಯಾವ ಸೀರೆಯದಾದರೂ ಆಗಲಿ, ನನ್ನದಾದರೂ ಆಗಬಹುದು. ಬೇಕಾದಾಗ ಬಂದು ನನ್ನ ಕಪಾಟು ತೆರೆ.

ಯುಗಾದಿಗೆ ನೀನು ಧಾರವಾಡಕ್ಕೆ ಹೋಗುತ್ತೀಯಲ್ಲ, ಆಗಲೇ ಅಣ್ಣನ ಹತ್ತಿರ ಕೂತು ಈ ಪತ್ರ ಓದಿ ಹೇಳು. ಮೇ ಮುಗಿಯುವುದರೊಳಗೆ ಹೊಲಿಗೆ ಆಗಬೇಕು, ಜೂನ್ ಬಂದರೆ ಬಟ್ಟೆ ಒಣಗುವುದಿಲ್ಲ. ಅಳತೆಯನ್ನು ಇನ್ನೊಮ್ಮೆ ನೋಡಿ, ಗಾದಿಯ ಮೇಲೆ ಚಾದರ ಹಾಸಿದ ನಂತರ ಟೇಪು ಹಿಡಿದು, ನನಗೆ ಬರೆದು ಕಳಿಸು.

ನಿನ್ನ
ಅತ್ತಿ